ಕವಿರಾಜಮಾರ್ಗದ ಜನವೂ ಪ್ರಜಾಪ್ರಭುತ್ವವೂ

ಕಾಳಗಿ-ಸೇಡಂ ಸೀಮೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ'ವು, ಕನ್ನಡ ನಾಡಿನ ಜನರು ಶಾಸ್ತ್ರವನ್ನೋದದೆಯೂ ಕಾವ್ಯದ ಮರ್ಮವನ್ನರಿಯಬಲ್ಲರೆಂದು ಕೊಂಡಾಡುತ್ತದೆ. ಅನ್ಯರ ಮತವನ್ನು ಸಹಿಸುವುದೇ ನಿಜವಾದ ಧನವೆಂದೂ ಎಣಿಸುತ್ತದೆ.

ಇಷ್ಟರಿಂದಲೇ ಅಂದು ಪ್ರಜಾಪ್ರಭುತ್ವವಿದ್ದಿತೆಂದು ಸಾಧಿಸಹೊರಟರೆ ಅತಿವ್ಯಾಪ್ತಿದೋಷವು ತಟ್ಟುವುದು. ಕವಿಯ ದೋಷವನ್ನು ಕಾಣಬಲ್ಲ ಪ್ರಜೆಗೆ, ಅರಸನ ದೋಷವನ್ನು ಕಂಡು ಅವನನ್ನು ಪದಚ್ಯುತಗೊಳಿಸುವ ಅಧಿಕಾರವನ್ನು ಈ ಲಕ್ಷಣಗ್ರಂಥವು ಹೇಳುವುದಿಲ್ಲ. 1948ರವರೆಗೆ ನಿಜಾಮರಾಳ್ವಿಕೆಗೊಳಪಟ್ಟಿದ್ದ ಈ ಸೀಮೆಯಲ್ಲಿ, ಆಳುವವರನ್ನು ಬದಲಿಸುವ ಅಧಿಕಾರವು ವಯಸ್ಕರೆಲ್ಲರಿಗೂ ದೊರೆತದ್ದು 1951-52ರ ಮೊದಲ ಮಹಾಚುನಾವಣೆಯಲ್ಲಿ.

ಆದರೂ ಗ್ರಂಥವು ವ್ಯರ್ಥವಲ್ಲ. ಅಧಿಕಾರವಿಲ್ಲದ ವಿವೇಕವು ಬರಿಯ ಪ್ರಶಂಸೆಗೆ ಪಾತ್ರವಾಗುವುದು. ವಿವೇಕವೂ ಪರಮತಸಹನೆಯೂ ಇಲ್ಲದ ಅಧಿಕಾರವು ಬಹುಜನರ ಅರಸುತನವೇ ಆಗುವುದು. ಎರಡೂ ಕೂಡಿದಲ್ಲಿ ಮಾತ್ರ ರಾಜ್ಯಕ್ಕೆ ಪ್ರಜಾಪ್ರಭುತ್ವವೆಂಬ ಹೆಸರು ಅನ್ವರ್ಥವಾಗುವುದು.