ಆರರಿಂದ ಎಂಟು: ಮನೆಯಲ್ಲೇ ಇತಿಹಾಸದ ಮೂರು ವರ್ಷ

ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವವರಿಗೆ, ಇತಿಹಾಸದ ಮಟ್ಟಿಗೆ, ಆರು, ಏಳು, ಎಂಟನೆಯ ತರಗತಿಯ ಪ್ರಾಯದಷ್ಟು ಬಿಡುವಿನ ಕಾಲ ಮತ್ತೆ ಸಿಗುವುದಿಲ್ಲ. ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ನಡೆಸುವ ಹತ್ತನೆಯ ತರಗತಿ ಮಟ್ಟದ ಪರೀಕ್ಷೆಗೆ ಹದಿನಾಲ್ಕು ವರ್ಷ ತುಂಬಿರಬೇಕು. ಅಲ್ಲಿಯೂ ಇತಿಹಾಸ ಬರುವುದು ಸಮಾಜ ವಿಜ್ಞಾನದ ಒಂದು ಪಾಲಾಗಿ. ನಡುವೆ ಶಾಲೆಗೆ ಸೇರಿಸುವ ಮನಸ್ಸಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗುವನ್ನು ಪ್ರಾಯಕ್ಕೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಾಗಾಗಿ ಹನ್ನೊಂದರಿಂದ ಹದಿನಾಲ್ಕರವರೆಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮನೆಯವರಿಗೇ ಬಿಟ್ಟ ವಿಚಾರ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಮನೆಗಳಿಗೆ ಇದರಲ್ಲಿ ಒಂದು ಅನುಕೂಲವೂ ಇದೆ: ವರ್ಷ ಖಚಿತವಾಗಿ ಗೊತ್ತಿರುವ ಕಟ್ಟಡ, ವಿಗ್ರಹ, ಕೋಟೆಗಳು ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದಷ್ಟು ಹತ್ತಿರದಲ್ಲಿವೆ.

ಹೋಮ್‌ಸ್ಕೂಲಿಂಗ್ ಮಾಡುವವರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವುದು ಅಮೆರಿಕದ ನಾಲ್ಕು ವರ್ಷದ ಚಕ್ರ. ಸೂಸನ್ ವೈಸ್ ಬಾವರ್ ತಾಯಿಯ ಜೊತೆ ಬರೆದು 1999ರಲ್ಲಿ ಪ್ರಕಟಿಸಿದ ‘ದಿ ವೆಲ್ ಟ್ರೇನ್ಡ್ ಮೈಂಡ್’ ಪುಸ್ತಕ ಇದನ್ನು ಜನಪ್ರಿಯಗೊಳಿಸಿತು. ಪ್ರಾಚೀನ, ಮಧ್ಯಯುಗ, ಆಧುನಿಕ ಯುಗದ ಆರಂಭ, ಆಧುನಿಕ ಎಂದು ನಾಲ್ಕು ಭಾಗ; ಅದಕ್ಕೆ ಹೊಂದುವಂತೆ ಅದೇ ಲೇಖಕಿಯ ‘ದಿ ಸ್ಟೋರಿ ಆಫ್ ದಿ ವರ್ಲ್ಡ್’ ನಾಲ್ಕು ಸಂಪುಟ. ಕಥೆ ಹೇಳುವ ಶೈಲಿ ಚೆನ್ನಾಗಿದೆ. ಆದರೆ ಅದರ ಕೇಂದ್ರ ಯುರೋಪು, ಭಾರತ ಆಗಾಗ ಇಣುಕುವ ಅತಿಥಿ. ಎನ್‌ಸಿಇಆರ್‌ಟಿ ಬಹುಕಾಲ ಅನುಸರಿಸಿದ ಕ್ರಮದಲ್ಲಿ ಆರಕ್ಕೆ ಪ್ರಾಚೀನ, ಏಳಕ್ಕೆ ಮಧ್ಯಕಾಲ, ಎಂಟಕ್ಕೆ ಆಧುನಿಕ. ಮೂರು ವರ್ಷಕ್ಕೆ ಇದು ಸರಿಯಾಗಿ ಕೂರುತ್ತದೆ. ಕೊರತೆಯೆಂದರೆ ಅದರಲ್ಲಿ ಕರಾವಳಿ ಕಾಣುವುದೇ ಅಪರೂಪ; ರಾಜ್ಯದ ಪುಸ್ತಕಗಳಲ್ಲೂ ಬಾದಾಮಿ, ಹಳೇಬೀಡು, ಹಂಪಿಗಳ ಮುಂದೆ ಕರಾವಳಿಯ ಬಾರಕೂರು ಮಂಕಾಗುತ್ತದೆ.

ಮನೆ, ಊರು, ಜಿಲ್ಲೆ, ರಾಜ್ಯ, ದೇಶ, ಲೋಕ ಎಂದು ಹಿಗ್ಗುತ್ತ ಹೋಗುವ ಇನ್ನೊಂದು ಕ್ರಮವಿದೆ. ಚಿಕ್ಕ ಮಕ್ಕಳಿಗೆ ಅದು ಸಾಕು. ಹನ್ನೆರಡರ ಮಗುವಿಗೆ ಅದೇ ಕ್ರಮ ಹಿಡಿದರೆ ತಪ್ಪು ಇತಿಹಾಸ ಕಲಿಸಿದಂತಾಗುತ್ತದೆ, ಏಕೆಂದರೆ ಈ ಊರುಗಳಿಗೆ ಲೋಕ ಕೊನೆಯಲ್ಲಿ ಬಂದದ್ದಲ್ಲ. ಒಂದೊಂದು ವರ್ಷಕ್ಕೆ ಒಂದೊಂದು ಕಾಲಾವಧಿ ಹಿಡಿದು, ಅದರೊಳಗೆ ಪಕ್ಕದೂರನ್ನೂ ಪರದೇಶವನ್ನೂ ಒಟ್ಟಿಗೆ ಓದುವುದೇ ಇಲ್ಲಿಗೆ ಒಪ್ಪುವ ದಾರಿ.

ಮೊದಲ ವರ್ಷ ಸುಮಾರು 1300ರವರೆಗೆ. ಆರಂಭಕ್ಕೆ ಮೂಡುಬಿದಿರೆಯ ಬಳಿಯ ಮೂಡುಕೊಣಾಜೆಯ ಬೃಹತ್ ಶಿಲಾ ಸಮಾಧಿಗಳಿವೆ. ಚಪ್ಪಡಿಗಲ್ಲುಗಳನ್ನು ನಿಲ್ಲಿಸಿ ಮೇಲೊಂದು ಹಾಸುಗಲ್ಲು ಹೊದಿಸಿದ ಗೋರಿಗಳು ಇವು; ಹೆಚ್ಚಿನವು ಹಾಳಾಗಿವೆ. 2023ರಲ್ಲಿ ಇಲ್ಲಿಂದ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕ ಸುದ್ದಿ ಬಂತು. ಶೋಧಿಸಿದವರು ಅವನ್ನು ಕ್ರಿ.ಪೂ. 800-700ರ ಕಾಲದವೆಂದು ಅಂದಾಜಿಸಿದ್ದಾರೆ. ಬರಹವಿಲ್ಲದ ಕಾಲವನ್ನು ಕಲ್ಲು, ಮಣ್ಣು, ಮೂಳೆಗಳಿಂದ ಹೇಗೆ ಊಹಿಸುತ್ತಾರೆ ಎಂಬ ಪಾಠವನ್ನು ಇಲ್ಲಿಂದ ತೆಗೆದು, ಸಿಂಧೂ ಬಯಲು, ಈಜಿಪ್ಟ್, ಮೆಸಪಟೋಮಿಯಗಳಿಗೆ ಹೋಗಬಹುದು. ಈ ಕರಾವಳಿಯನ್ನಾಳಿದ ಆಳುಪರನ್ನು ಬೇಗ ಮುಗಿಸುವುದೇ ಒಳ್ಳೆಯದು. ರಾಜರ ಹೆಸರಿನ ಪಟ್ಟಿ ಈ ಪ್ರಾಯದಲ್ಲಿ ನಿಲ್ಲುವುದಿಲ್ಲ. ಕದ್ರಿಯ ಲೋಕೇಶ್ವರ ವಿಗ್ರಹ, ಅದರ ಪೀಠದ ಶಾಸನದ 968ನೆಯ ಇಸವಿ, ಅದನ್ನು ಮಾಡಿಸಿದ ಕುಂದವರ್ಮ, ಇಷ್ಟು ನೆನಪಿದ್ದರೆ ಸಾಕು.

ನಿಧಾನಿಸಬೇಕಾದ್ದು ಎರಡು ಕಡೆ. ಮೂಡುಬಿದಿರೆಯ ಗುರು ಬಸದಿ ಶತಮಾನಗಳ ಕಾಲ ಕಾಪಾಡಿದ ಧವಳಾ, ಜಯಧವಳಾ, ಮಹಾಧವಳಾ ತಾಳೆಗರಿಗಳು ಮೊದಲನೆಯದು. ವೀರಸೇನಾಚಾರ್ಯರ ಧವಳಾ ಮುಗಿದದ್ದು 816ರ ಸುಮಾರಿಗೆ, ರಾಷ್ಟ್ರಕೂಟರ ಕಾಲದಲ್ಲಿ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂದು ಎಣಿಸುವ ‘ಅರ್ಧಚ್ಛೇದ’ದ ಲೆಕ್ಕ ಅದರಲ್ಲಿದೆ, ಆರನೆಯ ತರಗತಿಯ ಮಗು ಅದನ್ನು ಕಾಗದದ ಮೇಲೆ ಮಾಡಿ ನೋಡಬಲ್ಲದು. ಅದೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಬೀಜಗಣಿತ ಬರೆಯುತ್ತಿದ್ದ. ಎರಡನ್ನೂ ಒಂದೇ ವಾರದಲ್ಲಿ ಓದಿಸಬೇಕು.

ಎರಡನೆಯದು ಮಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಯಹೂದಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು. ಅವು ಉಳಿದದ್ದು ದೂರದ ಕೈರೋದ ಯಹೂದಿ ಮಂದಿರವೊಂದರ ಹಳೆಯ ಕಾಗದದ ಕೋಣೆಯಲ್ಲಿ. 1132ರಲ್ಲಿ ಆತ ಅಶು ಎಂಬ ಊಳಿಗದ ಹೆಣ್ಣನ್ನು ಬಿಡುಗಡೆ ಮಾಡಿದ ಪತ್ರ ಬರೆದದ್ದು ಮಂಗಳೂರಿನಲ್ಲೇ. ಅಮಿತಾವ್ ಘೋಷ್ 1992ರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಪುಸ್ತಕದಲ್ಲಿ ಬೆನ್ನಟ್ಟಿ ಹೋದ ಬೊಮ್ಮ ಎಂಬ ಆಳು ಇದೇ ವ್ಯಾಪಾರಿಯವನು. ರಾಜರಿಲ್ಲದ ಇತಿಹಾಸ ಹೇಗಿರುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಈ ಕರಾವಳಿಯಲ್ಲಿ ಇಲ್ಲ.

ಎರಡನೆಯ ವರ್ಷ ವಿಜಯನಗರದಿಂದ 1763ರವರೆಗೆ. ಆ ವರ್ಷ ಹೈದರಾಲಿ ಬಿದನೂರನ್ನು ಗೆದ್ದ, ಕೆಳದಿಯವರ ಆಳ್ವಿಕೆ ಮುಗಿಯಿತು. ಮೂರರಲ್ಲಿ ಅತ್ಯಂತ ಸಮೃದ್ಧ ವರ್ಷ ಇದೇ. ಸಾವಿರ ಕಂಬದ ಬಸದಿ 1430, ಕಾರ್ಕಳದ ಗೊಮ್ಮಟ 1432, ವೇಣೂರಿನ ಗೊಮ್ಮಟ 1604. ಇಸವಿ ಲೆಕ್ಕ ಕಲಿಸುವುದಕ್ಕೂ ಇಲ್ಲೇ ಅವಕಾಶ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎಂದು ಪುಸ್ತಕಗಳು ಹೇಳುತ್ತವೆ. ಕಾರ್ಕಳದ ಶಾಸನದ ಶಕ 1353ಕ್ಕೆ 78 ಕೂಡಿಸಿದರೆ 1431 ಬರುತ್ತದೆ, ಆದರೆ ಪ್ರತಿಷ್ಠೆ ನಡೆದದ್ದು 1432ರ ಫೆಬ್ರವರಿಯಲ್ಲಿ. ಶಕವರ್ಷ ಚೈತ್ರದಿಂದ ಶುರುವಾಗುವುದರಿಂದ ಜನವರಿ, ಫೆಬ್ರವರಿಯ ದಿನಗಳಿಗೆ 79 ಕೂಡಿಸಬೇಕು. ಪಂಚಾಂಗ ನೇತಾಡುವ ಮನೆಯ ಮಗುವಿಗೆ ಇದನ್ನು ವಿವರಿಸಲು ಹೆಚ್ಚು ಹೊತ್ತು ಬೇಡ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮುಂದಿನ ಭೈರಾದೇವಿ ಮಂಟಪದ ತಳಪಾಯದಲ್ಲಿ ಜಿರಾಫೆಯದೆಂದು ಗುರುತಿಸಲಾದ ಉಬ್ಬುಚಿತ್ರವಿದೆ, ಚೀನಾದ ಡ್ರ್ಯಾಗನ್ನಿನ ಚಿತ್ರವೂ ಇದೆ. ಮೂಡುಬಿದಿರೆಯ ಶಿಲ್ಪಿಗೆ ಜಿರಾಫೆ ಎಲ್ಲಿಂದ ಬಂತು? ಚೀನಾದ ನೌಕಾಧಿಪತಿ ಜೆಂಗ್ ಹೆ 1405ರಿಂದ 1433ರವರೆಗೆ ಹಿಂದೂ ಮಹಾಸಾಗರದಲ್ಲಿ ಏಳು ಯಾತ್ರೆ ನಡೆಸಿದ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಾಣಿಕೆ ಕಳಿಸಿದ. ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಮಂಗಳೂರಿನ ಮೇಲಾಗಿ ವಿಜಯನಗರಕ್ಕೆ ಹೋದ. ಶಿಲ್ಪಿ ಕಂಡು ಕೆತ್ತಿದನೋ ಕೇಳಿ ಕೆತ್ತಿದನೋ ಎಂದು ಮಗು ವಾದಿಸಲಿ; ಹಿರಿಯರು ತೀರ್ಪು ಕೊಡಬಾರದು. ಬಸದಿಯಿಂದ ಊರನ್ನಾಳಿದ ಚೌಟರ ಅರಮನೆಗೆ ನಡೆದೇ ಹೋಗಬಹುದು, ಒಂಬತ್ತು ಹೆಂಗಸರು ಸೇರಿ ಆನೆಯಾಗುವ ನವನಾರಿಕುಂಜರದ ಕೆತ್ತನೆ ಮಕ್ಕಳನ್ನು ಪುಸ್ತಕಕ್ಕಿಂತ ಹೆಚ್ಚು ಹೊತ್ತು ಹಿಡಿದು ನಿಲ್ಲಿಸುತ್ತದೆ.

ಚೌಟರಿಂದ ಅವರದೇ ಮನೆತನದ ಅಬ್ಬಕ್ಕನಿಗೆ. ಉಳ್ಳಾಲದ ರಾಣಿ ಪೋರ್ಚುಗೀಸರನ್ನು ಎದುರಿಸಿದ ಕಥೆಯನ್ನು ವೀರಗಾಥೆಯಾಗಿ ಮಾತ್ರ ಓದಿಸಿದರೆ ಅರ್ಧ ಕಲಿಸಿದಂತೆ. ಪೋರ್ಚುಗೀಸರಿಗೆ ಈ ತೀರ ಬೇಕಾದದ್ದು ಕಾಳುಮೆಣಸಿಗೆ ಮಾತ್ರವಲ್ಲ, ಅವರ ಕೋಟೆಗಳಿಗೆ ಅನ್ನ ಒದಗಿಸುತ್ತಿದ್ದ ಅಕ್ಕಿಗೂ ಹೌದು. ಇನ್ನು ಅಬ್ಬಕ್ಕ ಒಬ್ಬಳೇ ಅಲ್ಲ. ಹದಿನಾರನೆಯ ಶತಮಾನದ ನಡುವಿನಲ್ಲಿ ಹೋರಾಡಿದವಳೂ, 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಮಣೇಲಿನಲ್ಲಿ ಭೇಟಿಯಾದ ರಾಣಿಯೂ ಒಬ್ಬಳೇ ಆಗಲು ಕಾಲದ ಲೆಕ್ಕ ಒಪ್ಪುವುದಿಲ್ಲ; ಒಬ್ಬರಿಗಿಂತ ಹೆಚ್ಚು ಅಬ್ಬಕ್ಕಂದಿರಿದ್ದರು ಎನ್ನುವ ವಿದ್ವಾಂಸರ ವಾದಕ್ಕೆ ಇದೇ ಆಧಾರ. ದೆಲ್ಲಾ ವಾಲೆ ಕಂಡ ರಾಣಿ ಬರಿಗಾಲಲ್ಲಿ ನಡೆಯುತ್ತಿದ್ದಳು. ಜನಪದ ಕಥೆ, ಪ್ರವಾಸಿಯ ಪತ್ರ, ಇಂದಿನ ಪ್ರತಿಮೆ, ಮೂರನ್ನೂ ಎದುರುಬದುರು ಇಟ್ಟು ಒಂದು ತಿಂಗಳು ಕಳೆದರೂ ನಷ್ಟವಿಲ್ಲ. ಬಂಟ್ವಾಳದ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವನ್ನು ಈ ತಿಂಗಳಿಗೇ ಇಟ್ಟುಕೊಳ್ಳಬೇಕು. ಅಲ್ಲಿನ ಅಡುಗೆ, ಬೇಸಾಯದ ಪರಿಕರಗಳು ರಾಣಿಯ ಕಾಲದ ಸಾಮಾನ್ಯರತ್ತ ಮಾತು ತಿರುಗಿಸುತ್ತವೆ. ತುಳುವಿನ ಹಾಡುಗಥೆಯಾದ ಪಾಡ್ದನವನ್ನು ಆಧಾರವಾಗಿ ಬಳಸುವ ಬಗೆಯನ್ನೂ ಈ ವರ್ಷವೇ ಹೇಳಿಕೊಡಬೇಕು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳ ಅಳವಿಗೆ ಸಿಗುವ ಕನ್ನಡದಲ್ಲಿ ಬರೆದ ‘ಕೋಟಿ ಚೆನ್ನಯ’ ಅದಕ್ಕೆ ಒಳ್ಳೆಯ ಪ್ರವೇಶ.

ಮೂರನೆಯ ವರ್ಷ 1763ರಿಂದ 1974ರವರೆಗೆ. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆ ಇದರ ಹೆಬ್ಬಾಗಿಲು. ಬಂಡೆಯಲ್ಲಿ ಕಡಿದ ಕಿರಿದಾದ ಮೆಟ್ಟಿಲಿನ ಒಂದೇ ದಾರಿ ಹತ್ತುವಾಗಲೇ ಕೋಟೆಗೆ ಈ ಜಾಗ ಏಕೆ ಎಂಬುದು ಗೊತ್ತಾಗುತ್ತದೆ. ಟಿಪ್ಪುವಿನ ಬಗ್ಗೆ ಮನೆಮನೆಗೂ ಒಂದು ಅಭಿಪ್ರಾಯವಿದೆ. ಮಗುವಿನ ಮುಂದೆ ಅಭಿಪ್ರಾಯಕ್ಕೆ ಮೊದಲು ದಾಖಲೆ ಇಡಬೇಕು: 1784ರ ಮಂಗಳೂರು ಒಪ್ಪಂದ, ಅದೇ ವರ್ಷದ ಕ್ರೈಸ್ತರ ಸೆರೆ, 1799ರ ಶ್ರೀರಂಗಪಟ್ಟಣದ ಪತನ. ಅದಾಗಿ ಎರಡೇ ವರ್ಷಕ್ಕೆ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಜಮಲಾಬಾದ್, ವೇಣೂರು, ಮೂಡುಬಿದಿರೆಗಳಲ್ಲಿ ಹಾದು ಬೆಳೆ, ಗೇಣಿ, ಜಾತಿ, ಬಸದಿಗಳನ್ನು ದಿನಚರಿಯಂತೆ ಬರೆದುಕೊಂಡ. ಪುಸ್ತಕ 1807ರಲ್ಲಿ ಅಚ್ಚಾಯಿತು. ಗೆದ್ದ ಈಸ್ಟ್ ಇಂಡಿಯಾ ಕಂಪೆನಿಯ ನೌಕರ ಬರೆದದ್ದು ಎಂಬುದನ್ನು ಮರೆಯದೆ ಓದಬೇಕು, ಓದದೆ ಬಿಡಲಂತೂ ಬಾರದು.

1837ರಲ್ಲಿ ಕಂಪೆನಿಯ ವಿರುದ್ಧ ಬಂಡೆದ್ದ ಅಮರ ಸುಳ್ಯದ ದಂಡು ಸುಳ್ಯದಿಂದ ಪುತ್ತೂರು, ಬಂಟ್ವಾಳಗಳ ದಾರಿಯಲ್ಲಿ ಸಾಗಿ ಏಪ್ರಿಲ್‌ನಲ್ಲಿ ಮಂಗಳೂರನ್ನು ಹಿಡಿಯಿತು, ಎರಡು ವಾರದೊಳಗೆ ಕಳೆದುಕೊಂಡಿತು. ಕೊಡಗು ಕಂಪೆನಿಯ ವಶವಾದ ಮೇಲೆ ಕೆಳಗಿನ ಮಾಗಣೆಗಳು ಕೆನರಾಕ್ಕೆ ಸೇರಿ, ತೆರಿಗೆಯನ್ನು ಧಾನ್ಯದ ಬದಲು ಹಣದಲ್ಲೇ ಕಟ್ಟಬೇಕಾದದ್ದು ಸಿಟ್ಟಿಗೆ ಮುಖ್ಯ ಕಾರಣ. ನಂದಾವರದ ಬಂಗರಸ ಗಲ್ಲಿಗೇರಿದ. ನಿರಂಜನರ ‘ಕಲ್ಯಾಣಸ್ವಾಮಿ’ ಕಾದಂಬರಿಯನ್ನು ಇದರ ಜೊತೆ ಓದಿ, ಕಾದಂಬರಿಕಾರ ತುಂಬಿದ್ದೆಷ್ಟು, ದಾಖಲೆ ಹೇಳುವುದೆಷ್ಟು ಎಂದು ಬೇರ್ಪಡಿಸುವುದು ಎಂಟನೆಯ ತರಗತಿಗೆ ತಕ್ಕ ಕೆಲಸ.

ಹೆಂಚಿನ ಮನೆಯವರು ಮಾಡಿನತ್ತಲೂ ನೋಡಬೇಕು. ಬಾಸೆಲ್ ಮಿಶನ್ ಹೆಂಚಿನ ಮೇಲೆ ಅಚ್ಚಾದ 1865 ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನ ಜರ್ಮನರು ಶತ್ರುಗಳೆನಿಸಿ ಕಾರ್ಖಾನೆಗಳು ಬ್ರಿಟಿಷರ ಕೈಗೆ ಹೋದವು. ಯುರೋಪಿನ ಯುದ್ಧವನ್ನು ಮಂಗಳೂರಿಗೆ ತಂದು ನಿಲ್ಲಿಸಲು ಅದೊಂದೇ ಸಾಕು. ಸ್ವಾತಂತ್ರ್ಯ ಹೋರಾಟಕ್ಕೆ ಯಾವ ಒಳ್ಳೆಯ ಪಠ್ಯವಾದರೂ ಆದೀತು. 1956ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದು ಕಾಸರಗೋಡು ಕೇರಳಕ್ಕೆ ಹೋದದ್ದನ್ನು ಮಾತ್ರ ನಕ್ಷೆ ಬರೆಸಿಯೇ ಕಲಿಸಬೇಕು.

1974ಕ್ಕೆ ನಿಲ್ಲಿಸಲು ಎರಡು ಕಾರಣ. ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ಮಳೆಗಾಲದಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿತು. ಆಗ ಹತ್ತು ವರ್ಷದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ, ಅವರನ್ನು ಕೇಳಿ ಬರೆದುಕೊಳ್ಳಬಹುದು. ಗೇಣಿಗೆ ಡಿಕ್ಲರೇಶನ್ ಕೊಟ್ಟವರ ಮನೆಯಲ್ಲಿ ಒಂದು ಕಥೆ, ಜಾಗ ಕಳೆದುಕೊಂಡವರ ಮನೆಯಲ್ಲಿ ಇನ್ನೊಂದು. ಮಗು ಎರಡೂ ಮನೆಗೆ ಹೋಗಬೇಕು. ಕಪಾಟಿನಲ್ಲಿರುವ ಭೂನ್ಯಾಯ ಮಂಡಳಿಯ ಆದೇಶ, ಪಹಣಿ, ಕುಮ್ಕಿಯ ಕಾಗದ ಇದ್ದರೆ ಅವನ್ನೂ ಓದಿಸಬೇಕು.

ವರ್ಷದ ವೇಳಾಪಟ್ಟಿಯನ್ನು ಮಳೆಯೇ ಬರೆದುಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓದು, ನಕ್ಷೆ, ಗೋಡೆಗೆ ಅಂಟಿಸಿದ ಕಾಲರೇಖೆ. ಗಡಾಯಿಕಲ್ಲಿನ ಮೆಟ್ಟಿಲು ಪಾಚಿಗಟ್ಟಿ ಜಾರುವ ಆ ತಿಂಗಳುಗಳಲ್ಲಿ ತಿರುಗಾಟ ಬೇಡ. ದೀಪಾವಳಿಯ ನಂತರ ಮಾರ್ಚ್‌ವರೆಗೆ ಬಸದಿ, ಕೋಟೆ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶಾಸನಗಳ ಎದುರು ಕೂತು ಅಕ್ಷರ ಗುರುತಿಸುವ ಕೆಲಸ. ಏಪ್ರಿಲ್‌ನಲ್ಲಿ ಆ ವರ್ಷದ ಟಿಪ್ಪಣಿಯನ್ನು ಮಗುವೇ ಹತ್ತಿಪ್ಪತ್ತು ಪುಟದ ಪುಸ್ತಕವಾಗಿ ಬರೆಯಲಿ. ಒಂಬತ್ತಕ್ಕೆ ಶಾಲೆ ಸೇರುವ ಯೋಚನೆಯಿದ್ದರೆ ಎಂಟರ ಕೊನೆಯ ಬೇಸಿಗೆಯಲ್ಲಿ ರಾಜ್ಯದ ಸಮಾಜ ವಿಜ್ಞಾನದ ಪಠ್ಯಗಳನ್ನು ಒಮ್ಮೆ ಓದಿಸಿ, ಬಿಟ್ಟುಹೋದ ಅಧ್ಯಾಯಗಳನ್ನು ಗುರುತು ಹಾಕಿಕೊಂಡರೆ ಆಯಿತು.