ಮೊಣಕಾಲೆತ್ತರದ ಚೆಲುವು

ಸೀರೆ ಕೊಳ್ಳುವವರು ಮೊದಲು ನೋಡುವುದು ಅಂಚನ್ನು. ಒಡಲು ಎಷ್ಟೇ ಚೆನ್ನಾಗಿರಲಿ, ಅಂಚು ಮನಸ್ಸಿಗೆ ಬರಲಿಲ್ಲವೆಂದರೆ ಪಕ್ಕಕ್ಕೆ ಸರಿಸುತ್ತಾರೆ. ಕಾಫಿ ಟೇಬಲ್ ವಿಷಯದಲ್ಲಿ ನಾನೂ ಹಾಗೆಯೇ. 1950ರ ದಶಕದ್ದು ಎಂದು ಯಾರಾದರೂ ಒಂದನ್ನು ತೋರಿಸಿದರೆ ಕಣ್ಣಿಗಿಂತ ಮೊದಲು ಕೈ ಹೋಗುತ್ತದೆ, ನೇರವಾಗಿ ಅಂಚಿಗೆ. ಹೆಬ್ಬೆರಳು ಮೇಲೆ, ಉಳಿದ ನಾಲ್ಕೂ ಅಡಿಯಲ್ಲಿ. ಹಾಗೆ ಹಿಡಿದು ಒಂದು ಮೊಳ ಸವರಿಕೊಂಡು ಹೋದರೆ ಸಾಕು, ಮಾಡಿದ ಕೈ ಎಂಥದ್ದೆಂದು ತಿಳಿಯುತ್ತದೆ.

ಊಟದ ಮೇಜನ್ನು ನಾವು ಪಕ್ಕದಿಂದ ನೋಡುತ್ತೇವೆ. ಕಾಫಿ ಟೇಬಲನ್ನು ನಿಂತರೂ ಕೂತರೂ ಮೇಲಿನಿಂದಲೇ. ಎರಡನೇ ಮಹಾಯುದ್ಧದ ನಂತರದ ಮನೆಗಳಲ್ಲಿ ಸೋಫಾಗಳು ತಗ್ಗಿ ನೆಲಕ್ಕೆ ಹತ್ತಿರವಾದವು. ಅವುಗಳ ಜೊತೆಗೆ ಈ ಟೇಬಲ್ಲುಗಳೂ ಮೊಣಕಾಲಿಗೆ ಇಳಿದವು. ಬೆನ್ನೇ ಮುಖವಾದ ವಸ್ತು ಇದು. ಮರದ ಎಳೆ, ಗೆರೆ, ಬಣ್ಣ ಎಲ್ಲವೂ ಕಣ್ಣಿನ ಕೆಳಗೆ ಹಾಸಿಕೊಂಡಿರುತ್ತವೆ. ಮುಚ್ಚಿಡಲು ಜಾಗವೇ ಇಲ್ಲ.

ನನ್ನ ಮನೆಯಲ್ಲಿರುವುದು ಡೆನ್ಮಾರ್ಕಿನ ತೇಗದ್ದು. ಫಿಲಡೆಲ್ಫಿಯಾ ಸಮೀಪದ ಊರಿನಲ್ಲಿ, ಹಿರಿಯ ದಂಪತಿಯ ಮನೆಯ ಸಾಮಾನನ್ನೆಲ್ಲ ಮಾರಾಟಕ್ಕಿಟ್ಟಿದ್ದ ಒಂದು ಶನಿವಾರ ಸಿಕ್ಕಿತು. ಐದಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲ. ಅಡಿಯಲ್ಲಿ ‘ಮೇಡ್ ಇನ್ ಡೆನ್ಮಾರ್ಕ್’ ಎಂಬ ಸುಟ್ಟ ಮುದ್ರೆ ಇದೆ, ಮಾಡಿದವರ ಹೆಸರಿಲ್ಲ. ನಿಂತು ನೋಡಿದರೆ ಹಲಗೆ ಹಪ್ಪಳದಷ್ಟು ತೆಳುವಾಗಿ ತೇಲುತ್ತಿದೆ ಅನಿಸುತ್ತದೆ. ಬಗ್ಗಿ ನೋಡಿದರೆ ಪೂರಾ ಒಂದು ಅಂಗುಲ ದಪ್ಪ! ಬಡಗಿ ಅಂಚನ್ನು ಕೆಳಗಿನಿಂದ ಓರೆಯಾಗಿ ಹೆರೆದು, ದಪ್ಪವನ್ನೆಲ್ಲ ನೆರಳಿಗೆ ತಳ್ಳಿ, ಬೆಳಕಿಗೆ ಒಂದು ಎಳೆಯನ್ನಷ್ಟೇ ಬಿಟ್ಟಿದ್ದಾನೆ. ಉದ್ದದ ಎರಡು ಬದಿಗಳಲ್ಲಿ ಹೀಗೆ. ಅಡ್ಡಬದಿಗಳಲ್ಲಿ ಅದೇ ಅಂಚು ಮೆಲ್ಲಗೆ, ತೀರಾ ಮೆಲ್ಲಗೆ, ಮೇಲಕ್ಕೇಳುತ್ತದೆ. ಎದ್ದದ್ದು ಒಂದು ಅಕ್ಕಿಕಾಳಿನಷ್ಟು ಮಾತ್ರ. ಉರುಳಿಬಂದ ಪೆನ್ಸಿಲ್ ಅಲ್ಲಿ ನಿಲ್ಲುತ್ತದೆ, ಕಣ್ಣೂ ಅಲ್ಲೇ ನಿಲ್ಲುತ್ತದೆ. ಆ ಏರಿಕೆಯ ಒಳಮೈಯಲ್ಲಿ ಬೆರಳಾಡಿಸಿದರೆ ಎಲ್ಲಿ ಸಮತಟ್ಟು ಮುಗಿಯಿತು, ಎಲ್ಲಿ ಏರು ಶುರುವಾಯಿತು ಎಂದು ಎಷ್ಟು ಸಲ ಹುಡುಕಿದರೂ ಸಿಗುವುದಿಲ್ಲ.

ಅಂಚು ಗಟ್ಟಿ ತೇಗ, ನಡುವಿನ ಬಯಲು ವೆನೀರ್. ವೆನೀರ್ ಎಂದೊಡನೆ ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದ ಪದರಗಳನ್ನು ತೆರೆದ ಪುಸ್ತಕದ ಎಡಬಲ ಪುಟಗಳ ಹಾಗೆ ಎದುರುಬದುರು ಕೂರಿಸಿದ್ದಾರೆ. ಒಂದು ಕಡೆಯ ಗೆರೆ ಎಲ್ಲಿ ಬಾಗಿತೋ ಇನ್ನೊಂದು ಕಡೆಯದ್ದೂ ಅಲ್ಲೇ ಬಾಗಿ, ನಡುಸಾಲಿನಲ್ಲಿ ಎರಡೂ ಸೇರಿ, ದೇವರ ಮುಂದಿನ ದೀಪದ ಉರಿಯ ಆಕಾರದಲ್ಲಿ ಮೇಲೇಳುತ್ತವೆ. ಬಣ್ಣ ಹಳೆಯ ಜೋನಿಬೆಲ್ಲದ್ದು. ಕಾಲುಗಳು ಈಗಷ್ಟೇ ಎದ್ದು ನಿಂತ ಕರುವಿನವು: ಸಣಕಲು, ತುದಿಗೆ ಬರುತ್ತ ಇನ್ನಷ್ಟು ಸಣ್ಣ, ಹೊರಕ್ಕೆ ತುಸು ಚಾಚಿಕೊಂಡವು. ಅವುಗಳ ನಡುವೆ ಪತ್ರಿಕೆ ಇಡಲು ಬೆತ್ತ ಹೆಣೆದ ತಟ್ಟು. ಮಧ್ಯಾಹ್ನದ ಬಿಸಿಲು ಅದರೊಳಗಿಂದ ಸೋಸಿ ನೆಲದ ಮೇಲೆ ರಂಗೋಲಿಯ ಚುಕ್ಕಿ ಇಟ್ಟಂತೆ ಬೀಳುತ್ತದೆ.

ತೇಗವೇ ಬೆಳೆಯದ ಡೆನ್ಮಾರ್ಕಿನಲ್ಲಿ ತೇಗದ ಕಸುಬು ಅರಳಿತೆಂಬುದು ನನಗೆ ಇಂದಿಗೂ ಬೆರಗು. ಯುದ್ಧ ಮುಗಿದ ಮೇಲೆ ಆಗ್ನೇಯ ಏಷ್ಯಾದಿಂದ, ಮುಖ್ಯವಾಗಿ ಥಾಯ್ಲೆಂಡಿನಿಂದ, ಒಳ್ಳೆಯ ತೇಗ ಹೇರಳವಾಗಿ ಬರತೊಡಗಿತು. ಆದರೆ ತೇಗದ ಮೈಯಲ್ಲಿ ಸಿಲಿಕಾ ಇದೆ. ಉಳಿ, ಗರಗಸಗಳ ಬಾಯಿ ಬೇಗ ಮೊಂಡಾಗುತ್ತದೆ, ನಮ್ಮ ಆಚಾರಿಗಳನ್ನು ಕೇಳಿದರೆ ಹೇಳುತ್ತಾರೆ. ಚಾರ್ಲ್ಸ್ ಫ್ರಾನ್ಸ್ ಎಂಬ ಇಂಗ್ಲಿಷರವನು ಹಿಲೆರೋಡ್‌ನ ತನ್ನ ಕಾರ್ಖಾನೆಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಅಲಗುಗಳನ್ನು ಬಳಸಿ ಆ ಮೊಂಡುತನವನ್ನು ಗೆದ್ದ. ಪೀಟರ್ ವಿಟ್ ಮತ್ತು ಓರ್ಲಾ ಮೋಲ್‌ಗಾರ್ಡ್ ನೀಲ್ಸನ್ ಅವನಿಗಾಗಿ ರೂಪಿಸಿದ ಟೇಬಲ್ಲುಗಳನ್ನು ನೋಡಬೇಕು ನೀವು. ಯಂತ್ರ ಕಡಿದ ಅಂಚು ಎಂದು ಹೇಳಿದರೆ ಬೆರಳು ನಂಬುವುದಿಲ್ಲ.

ಅಮೆರಿಕದವರಲ್ಲಿ ಇಸಾಮು ನೊಗುಚಿಯ ಟೇಬಲ್ಲನ್ನು ಎಲ್ಲರೂ ಎಲ್ಲಾದರೂ ಕಂಡಿರುತ್ತಾರೆ. ಆತ ಶಿಲ್ಪಿ. 1944ರಲ್ಲಿ ರೂಪ ಕೊಟ್ಟ. ಕೆಲವೇ ವರ್ಷಗಳಲ್ಲಿ ಹರ್ಮನ್ ಮಿಲ್ಲರ್ ಕಂಪನಿ ಅದನ್ನು ತಯಾರಿಸತೊಡಗಿತು. ಮರದ ತುಂಡುಗಳು ಎರಡೇ. ಎರಡೂ ಒಂದೇ ಅಚ್ಚಿನವು. ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಸಿಕ್ಕಿಸಿದರೆ ಮೂರು ಕಡೆ ಊರಿ ನಿಲ್ಲುವ ಕಾಲಾಯಿತು, ಮೇಲೆ ಭಾರವಾದ ಗಾಜು. ವ್ಯಾಸಪೀಠದ ಎರಡು ರೆಕ್ಕೆಗಳು ಒಂದನ್ನೊಂದು ಹಿಡಿದು ಗ್ರಂಥ ಹೊರುವುದನ್ನು ಕಂಡ ನಮಗೆ ಆ ಜಾಣ್ಮೆ ಕೂಡಲೇ ರುಚಿಸುತ್ತದೆ. ಗಾಜಿನ ಮೂಲಕ ಮರವನ್ನು ನೋಡುವುದು ತಿಳಿನೀರಿನ ತಳದ ಬೇರನ್ನು ನೋಡಿದ ಹಾಗೆ. ಆದರೂ ನನ್ನ ಕೈಗೆ ಅದು ಅಷ್ಟು ಒಗ್ಗಿಲ್ಲ. ಮರವನ್ನು ಮುಟ್ಟಲು ಬಾಗಬೇಕು.

ಮುಟ್ಟಿ ಮುಟ್ಟಿ ತಣಿಯದ ಟೇಬಲ್ ಜಾರ್ಜ್ ನಾಕಾಶಿಮಾ ಅವರದ್ದು. ಡೆಲವೇರ್ ನದಿಯ ದಡದ ನ್ಯೂ ಹೋಪ್‌ನಲ್ಲಿ, ನನ್ನ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ, ಅವರ ಕಾರ್ಯಾಗಾರವಿದೆ. ಓದಿದ್ದು ವಾಸ್ತುಶಿಲ್ಪ. 1930ರ ದಶಕದಲ್ಲಿ ಪಾಂಡಿಚೇರಿಗೆ ಬಂದು, ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡದ ಕೆಲಸದಲ್ಲಿ ತೊಡಗಿ, ಆಶ್ರಮವಾಸಿಯೇ ಆದರು. ಅಲ್ಲಿ ಸಿಕ್ಕ ಹೆಸರು ಸುಂದರಾನಂದ. ಎಷ್ಟು ಒಪ್ಪುವ ಹೆಸರು! 1942ರಲ್ಲಿ ಅಮೆರಿಕ ಸರಕಾರ ಜಪಾನಿ ಮೂಲದವರನ್ನೆಲ್ಲ ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿದಾಗ ಇವರೂ ಐಡಾಹೊದ ಮಿನಿಡೋಕಾ ಸೇರಬೇಕಾಯಿತು. ಆ ಶಿಬಿರದಲ್ಲಿ ಗೆಂಟಾರೊ ಹಿಕೊಗಾವ ಎಂಬ ಜಪಾನಿ ಬಡಗಿಯ ಪಕ್ಕ ನಿಂತು, ಸಿಕ್ಕಿದ ಚೂರುಪಾರು ಮರದಲ್ಲೇ ಕೈ ಪಳಗಿಸಿಕೊಂಡರು. ಮರುವರ್ಷ ಬಿಡುಗಡೆಯಾಗಿ ನ್ಯೂ ಹೋಪ್‌ಗೆ ಬಂದವರು ಅಲ್ಲಿಯೇ ನೆಲೆನಿಂತರು.

ಬಕ್ಸ್ ಕೌಂಟಿಯ ಪರಿಚಿತರೊಬ್ಬರ ಮನೆಯಲ್ಲಿ ನಾಕಾಶಿಮಾ ಅವರ ಟೇಬಲ್ಲೊಂದಿದೆ. ಕಪ್ಪು ವಾಲ್‌ನಟ್‌ನ ಒಂದೇ ಹಲಗೆ. ಹುರಿದ ಕಾಫಿ ಬೀಜದ ಬಣ್ಣದ ಚೇಗು, ಒಂದು ಬದಿಗೆ ಕೆನೆಬಣ್ಣದ ಹೊರಮರದ ಪಟ್ಟೆ. ಇಲ್ಲಿ ಅಂಚನ್ನು ಯಾರೂ ಹೆರೆದಿಲ್ಲ. ತೊಗಟೆಯಷ್ಟನ್ನೇ ಬಿಡಿಸಿ, ಮರ ಬೆಳೆದ ಉಬ್ಬುತಗ್ಗನ್ನು ಹಾಗೇ ಉಳಿಸಿದ್ದಾರೆ. ಹಲಗೆಯ ಒಂದು ತುದಿಯಲ್ಲಿ ಬಿರುಕು ಇದೆ, ಒಂದು ಗೇಣು ಉದ್ದದ್ದು. ಬೇರೆ ಯಾರಾದರೂ ಅಷ್ಟನ್ನು ಕತ್ತರಿಸಿ ಎಸೆಯುತ್ತಿದ್ದರು. ನಾಕಾಶಿಮಾ ಆ ಬಿರುಕಿಗೆ ಅಡ್ಡಲಾಗಿ ಡಮರುಗದ ಆಕಾರದ ಎರಡು ತುಂಡುಗಳನ್ನು ಕೂರಿಸಿದ್ದಾರೆ. ನಡು ಸಣ್ಣ, ಎರಡೂ ತುದಿ ಅಗಲ. ಬಿರುಕು ಬಾಯಿ ಬಿಡಹೊರಟರೆ ಆ ಅಗಲದ ತುದಿಗಳು ಹಿಡಿದು ನಿಲ್ಲಿಸುತ್ತವೆ. ಕೂದಲೆಳೆಯ ಸಂದೂ ಇಲ್ಲ. ಉಗುರಿನಿಂದ ಗೀರಿ ನೋಡಿದೆ, ಉಗುರು ಎಲ್ಲೂ ತಡೆಯಲಿಲ್ಲ.

ಆ ಡಮರುಗಗಳ ಬಣ್ಣ ಕಳಿತ ನೇರಳೆಯದ್ದು, ನಡುನಡುವೆ ಕಾಡಿಗೆ ಎಳೆದಂಥ ಗೆರೆ. ಬಗ್ಗಿ ನೋಡಿದೊಡನೆ ಗುರುತು ಸಿಕ್ಕಿತು: ಬೀಟೆ! ಅವರು ಅಕ್ಕರೆಯಿಂದ ಬಳಸುತ್ತಿದ್ದ ಮರಗಳಲ್ಲಿ ಭಾರತದ ಬೀಟೆಯೂ ಒಂದು. ಮೈಸೂರಿನ ಕೆತ್ತುಕೂರಿಕೆಯವರು ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸುವುದು ಇದೇ ಬೀಟೆಯ ಮೈಯಲ್ಲಿ. ಇಲ್ಲಿ ಬೀಟೆಯೇ ಇನ್ನೊಂದು ಮರದೊಳಗೆ ಹೋಗಿ ಕೂತಿದೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಗಿಡಕ್ಕೆ ನೆರಳಾಗಿ ನಿಲ್ಲುವ ಮರ ಪೆನ್ಸಿಲ್ವೇನಿಯಾದ ಕಾಫಿ ಟೇಬಲ್ಲಿನ ಬಿರುಕನ್ನು ಹಿಡಿದು ಕೂತಿರುವುದನ್ನು ಕಂಡು ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಮನೆಯಾಕೆ ತಂದಿಟ್ಟ ಕಾಫಿ ಆರಿಹೋಯಿತು.

ಹೊಳೆಹೊಳೆಯುವ ಗಟ್ಟಿ ವಾರ್ನಿಷ್ ಈ ಟೇಬಲ್ಲುಗಳಿಗೆ ಹೇಳಿಸಿದ್ದಲ್ಲ. ನಾಕಾಶಿಮಾ ಎಣ್ಣೆ ಉಜ್ಜಿದ ಮೈಯನ್ನೇ ಮೆಚ್ಚುತ್ತಿದ್ದರು. ಬಳಸುತ್ತ ಬಳಸುತ್ತ ಬೀಳುವ ಗೀರು, ಕಲೆಗಳೆಂದರೂ ಅವರಿಗೆ ಪ್ರೀತಿ. ಮಗ ಕೆವಿನ್‌ನ ಹೆಸರಿನಿಂದ ಅದಕ್ಕೊಂದು ಶಬ್ದವನ್ನೇ ಕಟ್ಟಿಕೊಂಡಿದ್ದರು. ನನ್ನ ತೇಗದ ಟೇಬಲ್ ಮೇಲೂ ಹಿಂದಿನವರು ಬಿಟ್ಟುಹೋದ ಒಂದು ಉಂಗುರವಿದೆ. ಬಿಸಿ ಬಟ್ಟಲು ಇಟ್ಟ ಗುರುತು, ಬಳೆಯಷ್ಟು ಅಗಲ. ಅದನ್ನು ಉಜ್ಜಿ ತೆಗೆಸಲು ನಾನು ಬಿಟ್ಟಿಲ್ಲ.

ವರ್ಷಕ್ಕೆ ಎರಡು ಸಲ, ಯುಗಾದಿಯ ಮುಂಚೆ ಮತ್ತು ದೀಪಾವಳಿಯ ಮುಂಚೆ, ಅದಕ್ಕೆ ಎಣ್ಣೆಸ್ನಾನ. ಹಳೆಯ ಪಂಚೆಯ ತುಂಡಿಗೆ ತೇಗದ ಎಣ್ಣೆ ಅದ್ದಿ, ಎಳೆಯ ಜಾಡಿನಲ್ಲೇ ಉದ್ದಕ್ಕೆ ಎಳೆಯಬೇಕು. ಒಣಗಿ ಬೂದಿಬಣ್ಣಕ್ಕೆ ತಿರುಗಿದ್ದ ಮರ ಬಟ್ಟೆ ಹೋದಲ್ಲೆಲ್ಲ ಕೆಂಪಾಗುತ್ತ, ಜೇನಾಗುತ್ತ, ಒಳಗಿಂದ ಯಾರೋ ದೀಪ ಹಚ್ಚಿದಂತೆ ಬೆಳಗುತ್ತ ಬರುತ್ತದೆ. ಹಳೆಯ ಪೆಟ್ಟಿಗೆ ತೆರೆದಾಗ ಬರುವಂಥ ವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ. ಆಮೇಲೆ ಮೈಯನ್ನು ಮಗುಚಿ ಹಾಕಿ, ಯಾರ ಕಣ್ಣಿಗೂ ಬೀಳದ ಅಡಿಭಾಗಕ್ಕೂ ಎಣ್ಣೆ. ಅಲ್ಲಿ ಕಾಲು ಬಂದು ಸೇರುವ ಸಂದನ್ನೂ ಅದೇ ನಯದಲ್ಲಿ ಉಜ್ಜಿದ್ದಾರೆ ಆ ಹೆಸರಿಲ್ಲದ ಕಸುಬುದಾರರು. ಒಂದು ರಾತ್ರಿ ಹೀರಿಕೊಳ್ಳಲು ಬಿಟ್ಟು, ಬೆಳಿಗ್ಗೆ ಒಣಬಟ್ಟೆಯಿಂದ ಒರೆಸಿ, ಕಾಲಿನ ಮೇಲೆ ನಿಲ್ಲಿಸುತ್ತೇನೆ. ಮೊದಲ ಲೋಟ ಕಾಫಿ ಬಟ್ಟಲ ಸಮೇತ ಅಲ್ಲಿಗೇ ಬರುತ್ತದೆ, ಆ ಹಳೆಯ ಉಂಗುರದ ಪಕ್ಕಕ್ಕೆ.