ಸಾಕೆನ್ನುವ ಹಕ್ಕು: ಕಾಯಕ, ಕೂಲಿ ಮತ್ತು ಸುಖ

ದುಡಿಮೆ ಮತ್ತು ಸುಖದ ಸಂಬಂಧವನ್ನು ಚರ್ಚಿಸುವಾಗ ಕನ್ನಡ ವಿಮರ್ಶೆ ಶರಣರ ಕಾಯಕವನ್ನು ಮ್ಯಾಕ್ಸ್ ವೆಬರ್ 1904–05ರಲ್ಲಿ ವಿವೇಚಿಸಿದ ಪ್ರಾಟೆಸ್ಟಂಟ್ ನೀತಿಯೊಡನೆ ಹೋಲಿಸುವುದುಂಟು. ಎರಡೂ ವೃತ್ತಿಗೆ ಧಾರ್ಮಿಕ ಘನತೆ ತಂದವೆಂಬುದು ನಿಜ. ಆದರೆ ವೆಬರನ ವಿಶ್ಲೇಷಣೆಯಲ್ಲಿ ದುಡಿಮೆ ಮತ್ತು ಮಿತವ್ಯಯಗಳು ಕೂಡಿ ಬಂಡವಾಳದ ಸಂಚಯಕ್ಕೆ ದಾರಿಯಾದವು. ಕಾಯಕವು ದಾಸೋಹದೊಡನೆ ಕೂಡಿ ಸಂಚಯವನ್ನೇ ನಿರಾಕರಿಸಿತು. ಹೋಲಿಕೆಯ ಉತ್ಸಾಹದಲ್ಲಿ ಈ ವ್ಯತ್ಯಾಸ ಮಸುಕಾಗುತ್ತದೆ.

ಕಾಯಕವನ್ನು ಕೈಲಾಸವೆಂದ ಮಾತು ಬಸವಣ್ಣನದೆಂಬುದು ಜನಜನಿತ ನಂಬಿಕೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಮಡದಿ ಲಕ್ಕಮ್ಮ ಹೇಳುತ್ತಾಳೆ. ದುಡಿಮೆಯ ಹಿರಿಮೆಯನ್ನು ಸಾರಿದ ಮಾತೂ ಗಳಿಕೆಗೆ ಎಲ್ಲೆ ಕಟ್ಟಿದ ಮಾತೂ ಒಂದೇ ಮನೆಯವು. ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವುದು ಮೊದಲನೆಯದು.

ದುಡಿಮೆಯನ್ನು ಕುರಿತ ಇನ್ನೊಂದು ವಾಗ್ವಾದ ನಡೆಯುವುದು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ. ಅಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಶೂನ್ಯಸಂಪಾದನೆಯ ಅಲ್ಲಮ ಒಡ್ಡನೆಂದು ಕೆಣಕುತ್ತಾನೆ. ಆಕ್ಷೇಪವಿರುವುದು ಕಟ್ಟಿಸಿದೆನೆಂಬ ಭಾವದ ಬಗೆಗೆ ಎಂಬ ವ್ಯಾಖ್ಯಾನ ಸಾಧುವೇ. ಆದರೂ ವಾದವೆಲ್ಲ ಕಟ್ಟಿಸಿದವನ ಮುಕ್ತಿಯನ್ನು ಕುರಿತದ್ದು. ಮಣ್ಣು ಹೊತ್ತವರ ಸುಖದುಃಖ ಅಲ್ಲಿ ಪ್ರಶ್ನೆಯಾಗುವುದಿಲ್ಲ.

ಅದೇ ಊರು ಮುಂದೆ ಹತ್ತಿ ಗಿರಣಿಗಳ ನಗರವಾಯಿತು. ಅಲ್ಲಿ ಬೀಡಿ ಕಟ್ಟುವ ಹೆಂಗಸರ ಕೂಲಿ ಸಾವಿರ ಬೀಡಿಯ ಲೆಕ್ಕದ್ದು. ಕೈ ನಿಂತರೆ ಗಳಿಕೆಯೂ ನಿಲ್ಲುತ್ತದೆ. ಇಂಥವರಿಗೆ ಕಾಯಕದ ತೃಪ್ತಿಯನ್ನು ಬೋಧಿಸಿದರೆ ವಚನವು ಮಾಲೀಕನ ಮಾತಾಗಿಬಿಡುತ್ತದೆ. ದೇಶದ ವರಮಾನ ಏರಿದ ಮಾತ್ರಕ್ಕೆ ಸುಖ ಏರದೆಂದು 1974ರಲ್ಲಿ ವಾದಿಸಿದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಕೂಡ, ಒಂದೇ ದೇಶದೊಳಗೆ ಉಳ್ಳವರು ಇಲ್ಲದವರಿಗಿಂತ ಹೆಚ್ಚು ಸುಖಿಗಳೆಂದು ಹೇಳಿಕೊಳ್ಳುವುದನ್ನು ಗುರುತಿಸಿದ್ದರು. ಬಡತನದ ನೋವನ್ನು ಮನೋಧರ್ಮವೊಂದರಿಂದಲೇ ನೀಗಲಾಗದು.

ಲಕ್ಕಮ್ಮ ಸಾಕೆಂದದ್ದು ತನ್ನ ಮನೆಯ ಪಾಲನ್ನು ಕುರಿತು. ಆ ನಿರ್ಧಾರ ಆಕೆಯದೇ. ಅಕ್ಕಿಯ ಒಡೆಯ ಅದನ್ನು ಆಕೆಗೆ ವಿಧಿಸಲಿಲ್ಲ. ಕಾಯಕತತ್ತ್ವದ ಆರ್ಥಿಕ ಓದು ಈ ನಿರಾಕರಣೆಯಿಂದ ಆರಂಭವಾಗಬೇಕು. ಎಷ್ಟು ಸಾಕೆಂಬುದನ್ನು ದುಡಿಯುವವರೇ ನಿರ್ಧರಿಸಬಲ್ಲ ಸ್ಥಿತಿಯಿಲ್ಲದೆ ದುಡಿಮೆಯ ಸುಖವನ್ನು ಕುರಿತ ಮಾತಿಗೆ ಆಧಾರವಿಲ್ಲ.